ಹನುಮವ್ವನ ಕರೀ ಸೀರೆ

ಮುಂಬಯಿಯ ಘಾಟ್ಕೋಪರಿನ ಕಲರ್ ಲ್ಯಾಬಿನಲ್ಲಿ ಫೋಟೋ ಪ್ರಿಂಟ್ ಮಾಡುತ್ತಿದ್ದ ತಿರುಮಲೇಶನಿಗೆ ಮನುಷ್ಯರ ಮುಖ ಕಂಡರೇ ಹೇಸಿಗೆ. ಮುಖ ಏನು ಪಾಪ ಮಾಡಿತ್ತು? ಮಾಡಿದವನು ಮಾಲೀಕ. ಮುಖ ಗುಲಾಬಿ ಬರಬೇಕು, ಬಟ್ಟೆ ಹಾಳಾಗಿ ಹೋಗಲಿ ಎಂಬುದು ಅವನ ವೇದವಾಕ್ಯ. ಯಾರೇ ಬರಲಿ, ಒಂದೇ ಕೆಂಪು ಏರಿಸಿ ಸಾಗಹಾಕುವುದು. ಮೈಸೂರಿನಲ್ಲಿ ಚಿತ್ರ ಬರೆಯಲು ಕಲಿತು ಬಂದವನು ಗೋಡೆಗೆ ಸುಣ್ಣ ಬಳಿದಂತೆ ಮುಖಕ್ಕೆ ಬಣ್ಣ ಬಳಿಯುತ್ತಿದ್ದೇನಲ್ಲ ಎಂದು ದಿನಾ ಬೈದುಕೊಳ್ಳುತ್ತಿದ್ದ. ಬೈದುಕೊಂಡೇ ಲೋಕಲ್ ಹತ್ತುತ್ತಿದ್ದ. ಹೊಟ್ಟೆಪಾಡು.

ಎಂಬತ್ತೊಂಬತ್ತರ ಫೆಬ್ರವರಿಯಲ್ಲಿ ಅಣವೀರಪ್ಪ ಬಂದ. ಬಿಲ್ಡಿಂಗ್ ಕಟ್ಟುವ ಗೌಂಡಿ, ಬಿಜಾಪುರದ ಕಡೆಯವನು. ಹಿಂದೆ ಹೆಂಡತಿ ಹನುಮವ್ವ. ಮದುವೆಯಾದ ಮೊದಲ ಸಂಕ್ರಾಂತಿಗೆ ಸೊಸೆ ಕಪ್ಪು ಉಡಬೇಕೆಂಬುದು ಆ ಕಡೆಯ ಪದ್ಧತಿ; ಅದಕ್ಕೆಂದು ಅತ್ತೆ ಊರಿಂದ ಕರೀ ಚಂದ್ರಕಾಳಿ ಸೀರೆ ಕಳಿಸಿದ್ದಳು. ಸೊಸೆ ಅದನ್ನುಟ್ಟು, ಸಕ್ಕರೆ ಕುಸುರೆಳ್ಳು ಪೋಣಿಸಿದ ಬಿಳಿ ಒಡವೆ ತೊಟ್ಟು, ಇದೇ ಲ್ಯಾಬಿನಲ್ಲಿ ಫೋಟೋ ತೆಗೆಸಿಕೊಂಡಿದ್ದಳು. ಫೋಟೋದಲ್ಲಿ ಮುಖವೇನೋ ಗುಲಾಬಿ. ಸೀರೆ ಮಾತ್ರ ಒಣಗಿದ ರಕ್ತದ ಬಣ್ಣ.

"ಊರಿಗೆ ಕಳಿಸಿದ ಈ ಫೋಟೋ ನೋಡಿ, ಕರೀ ಸೀರಿ ತವರಿಗೆ ದಾಟಿಸಿ ಯಾವುದೋ ಹಳೇದು ಉಟ್ಟಾಳ ಅಂತ ನಮ್ಮವ್ವ ಊರ ತುಂಬ ಡಂಗುರ ಹೊಡದಾಳ್ರಿ," ಎಂದ ಅಣವೀರಪ್ಪ. "ಫೋಟೋದಾಗ ಕರೀದು ಕಾಣೂತನಕ ಈಕಿ ನಮ್ಮ ಹೊಸ್ತಿಲಾ ತುಳೀಬಾರದಂತ."

"ಸೀರೇನೇ ಕಳಿಸಿ ತೋರಿಸಬಹುದಲ್ಲ?" ಎಂದ ತಿರುಮಲೇಶ.

"ಹೊಸಾದು ಕೊಂಡು ಕಳಿಸ್ಯಾಳ ಅಂತಾಳ್ರಿ."

"ನಾ ಉಟ್ಟದ್ದು ನೀವ ನೋಡೀರಲ್ಲ," ಎಂದಳು ಹನುಮವ್ವ ಗಂಡನಿಗೆ.

"ನಾ ನೋಡಿದ್ರೇನ? ಅವ್ವ ನೋಡಬೇಕು."

ತಿರುಮಲೇಶನಿಗೆ ಕ್ಯಾಕರಿಸಿ ಉಗಿಯಬೇಕೆನ್ನಿಸಿತು. ಕಣ್ಣಾರೆ ಕಂಡ ಗಂಡ ತಾಯಿಯೆದುರು ಬಾಯಿಗೆ ಬೀಗ ಹಾಕಿಕೊಂಡು ಕಾಗದದ ಸಾಕ್ಷಿ ಕೇಳುತ್ತಿದ್ದಾನೆ! ಥೂ, ಇವನೂ ಒಬ್ಬ ಗಂಡಸು.

ಕತ್ತಲೆ ಕೋಣೆಗೆ ಹೋಗಿ ಅದೇ ನೆಗೆಟಿವ್ ಹಾಕಿ, ಫಿಲ್ಟರ್ ಬದಲಿಸಿ ಕೆಂಪು ತೆಗೆದ. ಸೀರೆ ಕಪ್ಪಾಯಿತು. ಆದರೆ ಕೆಂಪೆಂಬುದು ಸೀರೆಯೊಂದನ್ನೇ ಬಿಟ್ಟು ಹೋಗುತ್ತದೆಯೇ? ಮುಖವೂ ಹಸಿರಾಯಿತು, ಕುಸುರೆಳ್ಳು ಪಾಚಿ ಹಿಡಿದಂತೆ ಕಂಡಿತು. ಹೆಣದ ಹಾಗಿದ್ದ ಆ ಮುಖ ನೋಡಲಾರದೆ, ಕಪ್ಪು ರಟ್ಟನ್ನು ಮುಖದ ಆಕಾರಕ್ಕೆ ಕತ್ತರಿಸಿ ತಂತಿಗೆ ಸಿಕ್ಕಿಸಿದ. ಅದನ್ನು ಅಡ್ಡ ಹಿಡಿದು ಸೀರೆಗೊಂದು ಬೆಳಕು, ಮುಖಕ್ಕೊಂದು ಬೆಳಕು ಬಿಟ್ಟ. "ಪೇಪರ್ ನಿಮ್ಮಪ್ಪಂದಾ?" ಎಂದು ಹೊರಗಿನಿಂದ ಮಾಲೀಕ ಕೂಗಿದ. ಕೂಗಲಿ. ಕೊನೆಗೆ ಗೋಧಿಬಣ್ಣದ ಹನುಮವ್ವ, ಕಾಡಿಗೆಗಪ್ಪು ಸೀರೆ, ಎರಡೂ ಇದ್ದ ಹಾಗೇ ಬಂದವು.

ಎರಡು ಫೋಟೋಗಳನ್ನೂ ಕೌಂಟರಿನ ಮೇಲಿಟ್ಟ. ಅಣವೀರಪ್ಪ ಹಸಿರು ಮುಖದ್ದನ್ನು ಎತ್ತಿಕೊಂಡ.

"ಇದ ಇರಲಿ. ಇದರಾಗ ಸೀರಿ ಒಂದೀಟು ಜಾಸ್ತಿ ಕರ್ರಗ ಐತಿ."

"ಏನಯ್ಯಾ, ಹೆಂಡತಿ ಮುಖ ನೋಡಿದ್ಯಾ ಅದ್ರಲ್ಲಿ?"

"ನಮ್ಮವ್ವ ಸೀರಿ ಕೇಳ್ಯಾಳ್ರಿ. ಮಾರಿ ಕೇಳಿಲ್ಲ."

ಹನುಮವ್ವ ಒಳ್ಳೆಯ ಫೋಟೋವನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಳು.

"ಈ ಚಲೋದು ನಮ್ಮವ್ವಗ," ಎಂದಳು. "ಅದನ್ನ ನಿಮ್ಮವ್ವಗ ಕಳಸ್ರಿ. ನಿಮ್ಮ ಮನೀಗೆ ಬಂದು ನಾ ಹ್ಯಾಂಗಾಗೀನಿ ಅಂತ ಅಕಿನೂ ನೋಡ್ಲಿ."