ಇದ್ದದ್ದು ಇದ್ದ ಹಾಗೆ ತೋರಿಸುವ ಕ್ಯಾಮೆರಾ

ದೆವ್ವ ಕಂಡೆ, ಸತ್ತವರು ಬಂದು ಮಾತಾಡಿದರು ಎಂದು ಯಾರಾದರೂ ಹೇಳಿದರೆ ನಾನು ಅವರ ಮುಖದ ಮೇಲೇ ನಕ್ಕುಬಿಡುತ್ತಿದ್ದೆ. ನಮ್ಮ ವಿಜಯಪುರ ಕಡೆಯಿಂದ ಬಂದು ಇಲ್ಲಿ ಠಾಣೆ, ಡೊಂಬಿವಲಿ ಕಡೆ ದುಡಿಯುವವರಲ್ಲಿ ಇಂಥ ಕಥೆಗಳಿಗೆ ಕಡಿಮೆಯಿಲ್ಲ. ಮುಂಬ್ರಾ ಖಾಡಿಯ, ಅಂದರೆ ಕಡಲ ಹಿನ್ನೀರಿನ, ಹತ್ತಿರ ಲೋಕಲ್ ರೈಲು ನಿಂತಾಗ ಬಿಳಿ ಸೀರೆಯವಳೊಬ್ಬಳು ಹತ್ತಿದಳಂತೆ, ಮುಂದಿನ ಸ್ಟೇಷನ್ನಿಗೆ ಇರಲಿಲ್ಲವಂತೆ. "ಲೋಕಲಿನಾಗ ಮನುಷ್ಯಾರಿಗೇ ನಿಂದ್ರಾಕ ಜಾಗಾ ಇಲ್ಲ, ದೆವ್ವ ಎಲ್ಲಿ ಹತ್ತತಾವೋ ಮಾರಾಯಾ?" ಎಂದು ಬಾಯಿ ಮುಚ್ಚಿಸುತ್ತಿದ್ದೆ.

ಆರನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಓದಿದ್ದು ಕಡಿಮೆ, ದುಡಿದದ್ದು ಕಡಿಮೆಯಲ್ಲ. ತುರ್ಭೆಯ ಒಂದು ಕಾರ್ಖಾನೆಯಲ್ಲಿ ಪವರ್ ಪ್ರೆಸ್ ನಡೆಸುತ್ತಿದ್ದೆ. ಒಳಗೆ ಯಾವ ತಗಡು ಇಟ್ಟರೆ ಹೊರಗೆ ಯಾವ ಆಕಾರ ಬರುತ್ತದೆ ಎಂದು ಮೊದಲೇ ಗೊತ್ತಿರುವ ಕೆಲಸ ಅದು. ಅಂಥ ಕೆಲಸದಲ್ಲಿ ವಯಸ್ಸು ಕಳೆದವನಿಗೆ ಕಾಣದ್ದನ್ನು ನಂಬುವ ಚಟ ಹತ್ತುವುದಿಲ್ಲ. ಈಗ ಬರೆಯುತ್ತಿರುವುದನ್ನು ನಂಬಿ ಎಂದು ನಾನು ಯಾರ ಕಾಲಿಗೂ ಬೀಳುವವನಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ. ಹೇಳುವಾಗ ದನಿ ಏರಿದರೆ ಸಹಿಸಿಕೊಳ್ಳಿ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಪ್ರೆಸ್ಸಿಗೆ ಎರಡು ಬಟನ್ ಇರುತ್ತವೆ. ಎರಡೂ ಕೈಯಿಂದ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಕೆಳಗೆ ಬೀಳಬೇಕು. ಕೈ ಒಳಗೆ ಉಳಿಯಬಾರದು ಎಂದೇ ಆ ವ್ಯವಸ್ಥೆ. ನಮ್ಮ ಸೂಪರ್‌ವೈಸರ್ ಮಾಲು ಬೇಗ ಬೇಗ ಹೊರಬೀಳಲೆಂದು ಒಂದು ಬಟನ್ನಿಗೆ ತಂತಿ ಬಿಗಿದು, ಅದು ಸದಾ ಒತ್ತಿಕೊಂಡೇ ಇರುವಂತೆ ಮಾಡಿಸಿದ್ದ. ಬೇಡ ಎಂದವರಿಗೆ "ಗೇಟು ಆ ಕಡೆ ಇದೆ" ಎನ್ನುತ್ತಿದ್ದ. ಒಂದು ಮಧ್ಯಾಹ್ನ ನನ್ನ ಎಡಗೈ ಒಳಗಿರುವಾಗಲೇ ಅಚ್ಚು ಬಿತ್ತು. ತೋರುಬೆರಳು, ನಡುಬೆರಳು ಬುಡಸಮೇತ ಹೋದವು.

ನೋವನ್ನು ಹೇಗೋ ತಡೆದುಕೊಂಡೆ. ತಡೆಯಲಾಗದ್ದು ಆಮೇಲೆ ಬಂತು. ಕಂಪನಿಯವರು ತಮ್ಮ ವರದಿಯಲ್ಲಿ "ಎರಡು ಬೆರಳುಗಳ ತುದಿಗೆ ಗಾಯ, ಕೆಲಸಗಾರನ ಅಜಾಗರೂಕತೆ" ಎಂದು ಬರೆದರು. ತುದಿಗಂತೆ! ಅವರೇ ಕರೆದೊಯ್ದ ನರ್ಸಿಂಗ್ ಹೋಮಿನ ಕಾಗದವೂ ಅದನ್ನೇ ಹೇಳಿತು. ಗಾಯ ಮಾಗಿದ ಮೇಲೆ ಅದೇ ಪ್ರೆಸ್ಸಿಗೆ ವಾಪಸ್ ಬಾ, ಬರದಿದ್ದರೆ ತಾನಾಗಿ ಕೆಲಸ ಬಿಟ್ಟ ಎಂದು ಬರೆದುಕೊಳ್ಳುತ್ತೇವೆ ಎಂದರು. ಪರಿಹಾರದ ಮಾತು ಬೇರೆ, ಅದನ್ನು ಆಮೇಲೆ ನೋಡಿಕೊಳ್ಳೋಣ. ನನಗೆ ಬೇಕಾಗಿದ್ದದ್ದು ಒಂದೇ ಸಾಲು. ಈ ಮನುಷ್ಯನ ಎರಡು ಬೆರಳು ನಮ್ಮ ಯಂತ್ರದಲ್ಲಿ ಹೋಗಿವೆ ಎಂದು ಅವರೇ, ಅವರ ಕೈಯಾರೆ ಬರೆಯಬೇಕು.

ಬಹಳ ಓಡಾಡಿದ ಮೇಲೆ, ಪುಣೆಯಲ್ಲಿರುವ ಡಾಕ್ಟರು ವಿಡಿಯೋದಲ್ಲಿ ಕೈ ನೋಡಿ ತೀರ್ಮಾನ ಹೇಳುತ್ತಾರೆ ಎಂದು ಕಂಪನಿಯ ಅಧಿಕಾರಿ ಹೇಳಿದ. ಪುಣೆಗೆ ನಾನೇ ಹೋಗಿ ಕೈ ಮುಂದಿಡುತ್ತೇನೆ ಎಂದೆ. "ಆತಾ ಸಗಳಂ ಆನ್‌ಲೈನ್ ಆಹೇ, ಕಾಕಾ" ಎಂದ. ಈಗ ಎಲ್ಲವೂ ಆನ್‌ಲೈನ್ ಅಂತೆ. ಫೋಟೋ ಕಳಿಸುತ್ತೇನೆಂದರೆ ಫೋಟೋ ಯಾರದ್ದೂ ಆಗಬಹುದಂತೆ. ಫೋನಿನಿಂದ ಬರುತ್ತೇನೆಂದರೆ ಅದು ನಡೆಯುವುದಿಲ್ಲ, ಕಂಪ್ಯೂಟರಿನಿಂದಲೇ ಬರಬೇಕಂತೆ. ಮುಖ, ಕೈ ಎರಡೂ ಒಟ್ಟಿಗೆ ಕಾಣಬೇಕು, ರೆಕಾರ್ಡ್ ಆಗಬೇಕು. ಕೈ ಕಳೆದದ್ದು ಅವರ ಯಂತ್ರ, ಅದನ್ನು ತೋರಿಸುವ ಯಂತ್ರ ಮಾತ್ರ ನಾನು ಹುಡುಕಬೇಕು!

ಮಗಳ ಓದಿಗೆಂದು ತಂದಿದ್ದ ಹಳೆಯ ಲ್ಯಾಪ್‌ಟಾಪ್ ಮನೆಯಲ್ಲಿತ್ತು. ಮೊದಲ ಸಲ ಅದರಲ್ಲೇ ಕೂತೆ. ಕೈ ಹತ್ತಿರ ಹಿಡಿದರೆ ಹಿಟ್ಟಿನ ಮುದ್ದೆಯಂತೆ ಕಂಡಿತು, ದೂರ ಹಿಡಿದರೆ ಕಪ್ಪಾಯಿತು. ಏನೂ ಸ್ಪಷ್ಟವಿಲ್ಲ, ಒಳ್ಳೆಯ ಕ್ಯಾಮೆರಾ ಹಾಕಿಕೊಂಡು ಮತ್ತೆ ಬನ್ನಿ ಎಂದು ಡಾಕ್ಟರು ಎದ್ದರು. ಪರದೆಯ ಪಕ್ಕದ ಚೌಕದಲ್ಲಿ ಕೂತಿದ್ದ ಅಧಿಕಾರಿಯ ತುಟಿಯಲ್ಲಿ ನಗು ಇತ್ತು. ಕೈ ಸ್ಪಷ್ಟ ಕಾಣದೇ ಇದ್ದರೆ ಲಾಭ ಯಾರಿಗೆ ಎಂದು ನನಗೆ ಗೊತ್ತಾಗದೆ ಇರುತ್ತದೆಯೇ?

ಡೊಂಬಿವಲಿಯ ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿ ವಾರಿಜಕ್ಕ ಎಂಬುವರಿದ್ದಾರೆ, ಉಡುಪಿ ಕಡೆಯವರು. ಮನೆಯಲ್ಲೇ ಕೂತು ಊರೂರಿನ ಹೆಂಗಸರಿಗೆ ಲೈವ್‌ನಲ್ಲಿ ಹೊಲಿಗೆ ಕಲಿಸುತ್ತಾರೆ. ಸೂಜಿ ಹಿಡಿದ ಕೈ ಕಾಣಲೆಂದು ಬೇರೆಯೇ ಕ್ಯಾಮೆರಾ ಇಟ್ಟುಕೊಂಡಿದ್ದಾರೆ. ನನ್ನ ಹೆಂಡತಿ ನೀಲವ್ವ ಹೋಗಿ ಕರೆದುಕೊಂಡು ಬಂದಳು.

"ಲ್ಯಾಪ್‌ಟಾಪಿಂದು ಮುಖ ನೋಡ್ಲಿಕ್ಕೆ ಮಾತ್ರ ಆಗ್ತದೆ ಮಾರಾಯ್ರೆ. ಹತ್ತಿರ ತಂದ್ರೆ ಅದಕ್ಕೆ ಕಣ್ಣು ಹಿಡಿಯುದಿಲ್ಲ. ನಂದೇ ತಕೊಳ್ಳಿ" ಎಂದರು.

ಬೇಡ ಎಂದೆ. ನನ್ನ ಕೈ ತೋರಿಸಲು ಇನ್ನೊಬ್ಬರ ವಸ್ತು ಎರವಲು ತರುವವನಲ್ಲ ನಾನು. ವಾರಿಜಕ್ಕ ನಕ್ಕರು. "ಅಬ್ಬಾ ಗತ್ತೇ! ಆಯ್ತು, ತನ್ನಿ. ಡಬ್ಬಿ ಮೇಲಿನ ದೊಡ್ಡ ದೊಡ್ಡ ನಂಬರ್ ನೋಡಿ ಮರುಳಾಗ್ಬೇಡಿ. ಅಂಗಡಿಯಲ್ಲೇ ಹಾಕಿಸಿ, ಕೈ ಹತ್ತಿರ ಹಿಡೀರಿ. ಕೂಡ್ಲೇ ಸ್ಪಷ್ಟ ಆಗ್ಬೇಕು. ಅದಕ್ಕೆ ಆಟೋಫೋಕಸ್ ಹೇಳುದು. ಸ್ಟ್ಯಾಂಡ್ ಇರ್ಲಿ, ವಯರ್ ಉದ್ದ ಇರ್ಲಿ."

ಠಾಣೆ ಸ್ಟೇಷನ್ನಿನ ಹತ್ತಿರದ ಅಂಗಡಿಗೆ ಹೋದೆ. ಎಡಗೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ನಡೆಯುವುದು ಆಗ ರೂಢಿಯಾಗಿತ್ತು. ಅಂಗಡಿಯವನು ಗೇಮಿಗೋ, ಸ್ಟ್ರೀಮಿಂಗಿಗೋ ಎಂದು ಕೇಳಿದ. "ಹಾಥ್ ದಿಖಾನೇ ಕೋ" ಎಂದೆ, ಕೈ ತೋರಿಸುವುದಕ್ಕೆ. "ಕಿಸ್ ಕೋ, ಜ್ಯೋತಿಷಿ ಕೋ?" ಯಾರಿಗೆ, ಜ್ಯೋತಿಷಿಗೋ ಎಂದು ನಕ್ಕ. ಜೇಬಿನಿಂದ ಕೈ ತೆಗೆದು ಅವನ ಗಾಜಿನ ಕೌಂಟರಿನ ಮೇಲೆ ಇಟ್ಟೆ. ನಗು ನಿಂತಿತು. ಸ್ಟೂಲು ಎಳೆದು ಕೂರಿಸಿದ, ಚಹಾ ಹೇಳಿದ. ಆ ಚಹಾ ನನಗೆ ಬೇಕಿರಲಿಲ್ಲ, ಆದರೂ ಕುಡಿದೆ.

ಮೊದಲು ತೋರಿಸಿದ್ದು ದುಬಾರಿಯದು. ಮುಖವನ್ನು ತಾನೇ ಹಿಂಬಾಲಿಸುತ್ತದೆ, ಕಲೆ ಕಾಣಿಸುವುದಿಲ್ಲ, ಸುಕ್ಕು ಕಾಣಿಸುವುದಿಲ್ಲ, ಬಣ್ಣ ತಿಳಿಯಾಗುತ್ತದೆ ಎಂದ. ನನಗೆ ಇಂಥ ಶೃಂಗಾರ ಬೇಡ, ಇದ್ದದ್ದು ಇದ್ದ ಹಾಗೆ ತೋರಿಸುವುದನ್ನು ಕೊಡು ಎಂದೆ. ಕೆಳಗಿನ ಕಪಾಟಿನಿಂದ ಒಂದು ಸಾದಾ ಕ್ಯಾಮೆರಾ ತೆಗೆದ. ಅದರ ಜೊತೆ ಬೇರೆ ಯಾವ ಸಾಫ್ಟ್‌ವೇರೂ ಬರುವುದಿಲ್ಲ, ವಯರು ಚುಚ್ಚಿದರೆ ಸಾಕು ಎಂದು ತನ್ನ ಕಂಪ್ಯೂಟರಿಗೆ ಹಾಕಿ ತೋರಿಸಿದ. ಕೈ ಹತ್ತಿರ ಹಿಡಿದೆ. ಒಂದು ಕ್ಷಣ ಮಸುಕಾಗಿ, ತಕ್ಷಣ ಗಾಯದ ಹೊಲಿಗೆಯ ಒಂದೊಂದು ಗೆರೆಯೂ ಎದ್ದು ಕಂಡಿತು. ಇದೇ ಇರಲಿ ಎಂದೆ.

ಮನೆಗೆ ತಂದ ಮೇಲೆ ವಾರಿಜಕ್ಕ ಬಂದು ಅದನ್ನು ಕೂರಿಸಿದರು. ಕಿಟಕಿ ಬೆನ್ನ ಹಿಂದೆ ಇದ್ದರೆ ಕೈ ಕಪ್ಪಾಗುತ್ತದೆಂದು ಮೇಜನ್ನೇ ತಿರುಗಿಸಿದರು. ಲ್ಯಾಪ್‌ಟಾಪ್ ತನ್ನ ಹಳೆಯ ಕ್ಯಾಮೆರಾವನ್ನೇ ಹಿಡಿದುಕೊಳ್ಳುತ್ತದೆಂದು ಸೆಟ್ಟಿಂಗಿನಲ್ಲಿ ಹೊಸದನ್ನು ಆರಿಸಿದರು. ಸ್ಟ್ಯಾಂಡನ್ನು ಪುಸ್ತಕಗಳ ಮೇಲೆ ಇಟ್ಟು, ಮುಖ, ಕೈ ಎರಡೂ ಬರುವಂತೆ ಮಾಡಿದರು. ಪರದೆಯಲ್ಲಿ ನನ್ನ ಮೂರು ಬೆರಳಿನ ಕೈ ಕನ್ನಡಿಯಲ್ಲಿ ಕಂಡ ಹಾಗೆ ಕಂಡಿತು. ನೀಲವ್ವ ಮುಖ ಆ ಕಡೆ ತಿರುಗಿಸಿದಳು. ನಾನು ತಿರುಗಿಸಲಿಲ್ಲ. ನೋಡಲಿ ಆ ಕಂಪನಿಯ ಮಕ್ಕಳು, ಕಣ್ಣು ತುಂಬ ನೋಡಲಿ ಎಂದುಕೊಂಡೆ.

ಮರುದಿನ ಬೆಳಿಗ್ಗೆ, ಬಿಸಿಲು ಮೇಜಿನ ಮೇಲೆ ಚೆನ್ನಾಗಿ ಬಿದ್ದಿದ್ದ ಹೊತ್ತಿಗೆ ಕರೆ ಬಂತು. ಒಂದು ಕಡೆ ನೀಲವ್ವ, ಇನ್ನೊಂದು ಕಡೆ ವಾರಿಜಕ್ಕ ನಿಂತಿದ್ದರು. ಎಡಗೈ ಎತ್ತಿ ತೋರಿಸಿ ಎಂದರು ಡಾಕ್ಟರು. ಎತ್ತಿದೆ.

ಅಧಿಕಾರಿ ಮೊದಲು ನಕ್ಕ. "ಅರೇ ವಾ ಕಾಕಾ, ಪಾಚೀ ಬೋಟಂ ಆಹೇತ್ ಕೀ!" ಐದೂ ಬೆರಳು ಇವೆಯಲ್ಲ ಎಂದ.

ಕುಹಕ ಎಂದುಕೊಂಡು ರಕ್ತ ಕುದಿಯಿತು. ಬಾಯಿ ತೆರೆಯುವ ಮೊದಲು ಪರದೆಯ ಮೂಲೆಯಲ್ಲಿ ನನ್ನದೇ ಚೌಕದ ಮೇಲೆ ಕಣ್ಣು ಬಿತ್ತು. ಐದು ಬೆರಳು. ಕೈ ನೋಡಿಕೊಂಡೆ, ಮೂರು. ಮತ್ತೆ ಪರದೆ ನೋಡಿದೆ, ಐದು. ಮಸುಕಿಲ್ಲ, ನಡುಕವಿಲ್ಲ. ಉಳಿದ ಬೆರಳುಗಳ ಮೇಲೆ ಬಿದ್ದ ಅದೇ ಬಿಸಿಲು ಅವುಗಳ ಮೇಲೂ ಬಿದ್ದಿತ್ತು.

ಮುಷ್ಟಿ ಕಟ್ಟಿ ಎಂದರು ಡಾಕ್ಟರು. ಕಟ್ಟಿದೆ. ಐದೂ ಮಡಚಿಕೊಂಡವು. ಬಿಚ್ಚಿ ಎಂದರು. ಐದೂ ಬಿಚ್ಚಿಕೊಂಡವು. ಆಗ ಉಗುರು ಕಂಡಿತು. ಚಿಕ್ಕವನಿದ್ದಾಗ ಹಿಟ್ಟಿನ ಗಿರಣಿಯ ಬಾಗಿಲಿಗೆ ಸಿಕ್ಕಿ ನನ್ನ ನಡುಬೆರಳಿನ ಉಗುರು ನಡುವೆ ಸೀಳಿ, ಎರಡು ಹೋಳಾಗಿಯೇ ಬೆಳೆದಿತ್ತು. ಪರದೆಯ ಬೆರಳಿಗೂ ಅದೇ ಸೀಳು ಉಗುರು.

"ಅಯ್ಯ ನನ್ನ ಶಿವನ! ನಿಮ್ಮದ ಐತ್ರೀ ಅದು, ನಿಮ್ಮದ ಬೆರಳ!" ಎಂದು ನೀಲವ್ವ ಎರಡೂ ಕೈಯಿಂದ ನನ್ನ ಕೈ ಹಿಡಿದಳು. ಪರದೆಯಲ್ಲಿ ಅವಳ ಹಿಡಿತದಿಂದ ಆ ಎರಡು ಬೆರಳ ತುದಿಗಳು ಹೊರಗೆ ಚಾಚಿದ್ದವು. ಇಲ್ಲಿ ಅವಳ ಬೆರಳುಗಳು ಖಾಲಿ ಜಾಗದಲ್ಲಿ ಒಂದಕ್ಕೊಂದು ತಾಕುತ್ತಿದ್ದವು.

ವಾರಿಜಕ್ಕ ಗಡಬಡಿಸಿ ಹಳೆಯ ಕ್ಯಾಮೆರಾಕ್ಕೆ ಬದಲಿಸಿದರು. ಬರೀ ಮಸುಕು. ಹೊಸದರ ವಯರು ಕಿತ್ತು ಮತ್ತೆ ಚುಚ್ಚಿದರು. ಐದು. ಅವರ ಬಾಯಿಂದ ತುಳುವಿನಲ್ಲಿ ಏನೋ ಬಂತು, ನನಗೆ ತಿಳಿಯಲಿಲ್ಲ.

ಹೆದರಿಕೆ ಆಗಬೇಕಿತ್ತು. ಆಗಲಿಲ್ಲ. ಸಿಟ್ಟು ಬಂತು, ಹುಟ್ಟಿದಾಗಿನಿಂದ ಬಂದಿರದಂಥ ಸಿಟ್ಟು. ಅಧಿಕಾರಿಯ ಮೇಲಲ್ಲ, ಆ ಬೆರಳುಗಳ ಮೇಲೆ. "ಹೋಗ್ರಲೇ ಅತ್ಲಾಗ! ಆವತ್ತ ನನ್ನ ಕೈ ಬಿಟ್ಟ ಹೋದವ್ರು ಇವತ್ತ್ಯಾಕ ಬಂದೀರಿ? ಹೋಗ್ರಿ!" ಎಂದು ಕಟ್ಟಡ ಕೇಳುವಂತೆ ಕೂಗಿದೆ. ತನ್ನನ್ನೇ ಬೈದೆನೆಂದು ತಿಳಿದ ಅಧಿಕಾರಿ ಕರೆ ಕತ್ತರಿಸಿದ. ವಾರಿಜಕ್ಕ ಕ್ಯಾಮೆರಾವನ್ನು ಮತ್ತೆ ಹಾಕಿದರು. ಮೂರೇ ಕಂಡವು. ಆಮೇಲೆ ಎಷ್ಟು ಸಲ ಹಾಕಿದರೂ ಮೂರೇ.

ಮುಂದಿನ ವಾರ ತುರ್ಭೆಯ ಆಫೀಸಿಗೆ ನುಗ್ಗಿ, ಅಧಿಕಾರಿಯ ಮೇಜಿನ ಮೇಲೆ ಕೈ ಇಟ್ಟೆ. ಎಣಿಸು ಎಂದೆ. ಅವನು ಕೈ ನೋಡಿದ, ಆಮೇಲೆ ತನ್ನ ಕಂಪ್ಯೂಟರಿನಲ್ಲಿ ರೆಕಾರ್ಡಿಂಗ್ ಹಾಕಿ ನೋಡಿದ. ಅದರಲ್ಲಿ ಐದಿದ್ದವು. ಕಣ್ಣ ಮುಂದಿನ ಕೈ ಬಿಟ್ಟು ಅದನ್ನೇ ನೋಡುತ್ತಾ, ಅವತ್ತು ಐದಿದ್ದವು, ಆಮೇಲೆ ನೀನೇ ಏನೋ ಮಾಡಿಕೊಂಡಿರಬೇಕು ಎಂದ. ನನ್ನ ಬೆರಳನ್ನು ನಾನೇ ಕತ್ತರಿಸಿಕೊಂಡೆನಂತೆ! ಅವತ್ತು ನನ್ನನ್ನು ಹಿಡಿದು ಹೊರಗೆ ಹಾಕಲು ಮೂವರು ವಾಚ್‌ಮನ್‌ಗಳು ಬೇಕಾದರು. ಆಮೇಲೆ ಪ್ರತಿ ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನ ಎದುರು ಕೈ ಎತ್ತಿಕೊಂಡು ನಿಂತೆ. ಒಳಗಿನ ಕೆಲಸಗಾರರು ಒಬ್ಬೊಬ್ಬರಾಗಿ ಬಂದು ನನ್ನ ಪಕ್ಕ ನಿಲ್ಲತೊಡಗಿದಾಗ ಮೇಲಿನವರಿಗೆ ಬಿಸಿ ತಟ್ಟಿತು. ಪುಣೆಯ ಡಾಕ್ಟರನ್ನೇ ಕರೆಸಿದರು.

ಡಾಕ್ಟರು ವಯಸ್ಸಾದವರು. ಬೆರಳಿನ ಬುಡವನ್ನು ಒತ್ತಿ ಒತ್ತಿ ನೋಡಿ, ಈ ಗಾಯ ಮಾಗಿ ತಿಂಗಳುಗಳೇ ಆಗಿವೆ, ಇದು ಮೊನ್ನೆಯದಲ್ಲ ಎಂದು ಅಧಿಕಾರಿಯ ಎದುರೇ ಹೇಳಿದರು. ಎರಡು ಬೆರಳು ಯಂತ್ರಕ್ಕೆ ಸಿಕ್ಕಿ ಬುಡದಿಂದ ಹೋಗಿವೆ ಎಂದು ಬರೆದು ಸಹಿ ಮಾಡಿದರು. ಕಂಪನಿಯವರೂ ಅದರ ಕೆಳಗೆ ಸಹಿ ಹಾಕಬೇಕಾಯಿತು.

ಹೊರಗೆ ಬಂದಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಅವತ್ತು ತಾವು ಮುಷ್ಟಿ ಕಟ್ಟಿ ಎಂದಾಗ ಆ ಬೆರಳುಗಳು ಮಡಚಿಕೊಂಡವು, ಯಾರು ಮಡಚಿದ್ದು ಎಂದು ಹಿಂದಿಯಲ್ಲಿ ಕೇಳಿದರು. "ಮೈನೇ" ಎಂದೆ. ಸುಳ್ಳಲ್ಲ. ನಾನೇ ಮಡಚಿದ್ದೆ. ಅವು ಅಂಗೈಗೆ ತಾಕಿದ್ದೂ ನನಗೆ ಗೊತ್ತಾಗಿತ್ತು.

ಖಾರಘರದಲ್ಲಿರುವ ಕಂಪ್ಯೂಟರ್ ಬಲ್ಲವರೊಬ್ಬರು, ಈಗಿನ ಯಂತ್ರಗಳು ಕೈಗೆ ಐದು ಬೆರಳೆಂದು ಕಲಿತಿರುತ್ತವೆ, ಇಲ್ಲದ್ದನ್ನು ತಾವೇ ತುಂಬಿಬಿಡುತ್ತವೆ ಎಂದು ವಿವರಿಸಿದರು. ಇರಬಹುದು. ಸೀಳು ಉಗುರನ್ನು ಅವಕ್ಕೆ ಯಾರು ಕಲಿಸಿದರು ಎಂದರೆ, ನಿಮಗೆ ಹಾಗೆ ಕಂಡಿರಬೇಕು ಎಂದರು. ನೀಲವ್ವನಿಗೂ ಕಂಡಿತ್ತಲ್ಲ ಎಂದೆ. ಅವರು ಮಾತು ಬದಲಿಸಿದರು. ನನಗೂ ಅದಕ್ಕಿಂತ ಮುಂದೆ ಹೇಳಲು ಬರುವುದಿಲ್ಲ.

ಆ ಕಾಗದ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೊರಟ ದಿನ ಠಾಣೆಯಲ್ಲಿ ಗಾಡಿ ಬದಲಿಸುವಾಗ ಅದನ್ನು ತೆಗೆದು ಓದಿದೆ. ಗೆದ್ದಿದ್ದೆ. ಬೆರಳಿಲ್ಲ ಎಂದು ಸಾಬೀತು ಮಾಡಲು ಅಷ್ಟು ಹೊಡೆದಾಡಿದ್ದೆ, ಸಾಬೀತಾಗಿತ್ತು. ಬರುವುದೇ ಇದ್ದರೆ ಅವು ಬೇರೆ ಯಾವ ದಿನವಾದರೂ ಬರಬಹುದಿತ್ತು. ನೀಲವ್ವ ರೊಟ್ಟಿ ಬಡಿಯುವಾಗ ಬರಬಹುದಿತ್ತು, ನಾನು ಒಬ್ಬನೇ ಕೂತಾಗ ಬರಬಹುದಿತ್ತು. ಹಾಗೆ ಬಂದಿದ್ದರೆ ಕೂರಿಸಿಕೊಂಡು ನೋಡುತ್ತಿದ್ದೆ. ಆ ಒಂದು ದಿನವೇ ಯಾಕೆ ಬಂದವು? ನನ್ನ ಬಾಯಿಂದಲೇ ಹೋಗ್ರಿ ಎನ್ನಿಸಿಕೊಂಡು ಹೋಗಲು ಬಂದವೇ? ಇದನ್ನು ನೆನೆದಾಗಲೆಲ್ಲ ಮೈ ಉರಿಯುತ್ತದೆ, ಯಾರನ್ನು ಹಿಡಿದು ಕೇಳಬೇಕೆಂದು ಗೊತ್ತಾಗುವುದಿಲ್ಲ.