ನೀರು ಬಂದರೆ ಗುಡ್ಡ ಹತ್ತುವ ಕರೆಪ್ಪ

ಗಜೇಂದ್ರಗಡದ ಕೋಟೆಗೆ ಲಗ್ಗೆ ಇಟ್ಟವರು ಎಷ್ಟೋ ಜನ ಇರಬಹುದು. ಫಿರಂಗಿ ತಂದವರು, ಏಣಿ ತಂದವರು, ದಂಡು ಕಟ್ಟಿಕೊಂಡು ಬಂದು ಬಿಸಿಲಿಗೆ ಹೆದರಿ ತಿರುಗಿ ಹೋದವರು. ಆದರೆ ಹೆಗಲಿಗೊಂದು ಚೀಲ ಹಾಕಿ, ಬಾಯಲ್ಲೊಂದು ನೂಲಿನ ಎಳೆ ಕಚ್ಚಿಕೊಂಡು, ಬರಿಗಾಲಲ್ಲಿ, ಒಬ್ಬನೇ, ಎಂಟು ಹತ್ತು ದಿನಕ್ಕೊಮ್ಮೆ ತಪ್ಪದೆ ಆ ಕೋಟೆಯನ್ನು ಗೆಲ್ಲುವ ವೀರ ನಮ್ಮ ಓಣಿಯ ನೇಕಾರ ಕರೆಪ್ಪ ಮಾತ್ರ.

ಅವನ ರಣಕಹಳೆ ಎರಡೇ ಶಬ್ದದ್ದು: 'ನೀರ ಬಂತು!'

ನಮ್ಮಲ್ಲಿ ನಲ್ಲಿಯ ನೀರು ಬರುವುದೇ ಎಂಟು ಹತ್ತು ದಿನಕ್ಕೊಮ್ಮೆ. ಬಂದಾಗ ಓಣಿಯ ತುದಿಯಿಂದ ಯಾರಾದರೂ ಹಾಗೆ ಕೂಗುತ್ತಾರೆ. ಆಮೇಲೆ ರೊಟ್ಟಿ ಹಂಚಿನ ಮೇಲೆಯೇ ಕರಕಾಗುತ್ತದೆ, ಅರ್ಧ ಗಡ್ಡ ಬೋಳಿಸಿಕೊಂಡವರು ಅರ್ಧ ಗಡ್ಡದಲ್ಲೇ ಕೊಡ ಹಿಡಿದು ಹೊರಬೀಳುತ್ತಾರೆ. ಇಡೀ ಓಣಿ ನಲ್ಲಿಯ ಕಡೆ ಓಡುವಾಗ ಕರೆಪ್ಪ ಒಬ್ಬನೇ ಎದುರಿನಿಂದ, ಕೊಡಗಳ ಸೈನ್ಯವನ್ನು ಸೀಳಿಕೊಂಡು, ಕೋಟೆಯ ಗುಡ್ಡದ ಕಡೆ ಓಡುತ್ತಾನೆ.

'ಏ ಕರೆಪ್ಪಣ್ಣ, ನಲ್ಲಿ ಈ ಕಡಿ ಐತೋ!' ಎಂದು ನೆರೆಮನೆಯ ಮುಮತಾಜಬಿ ಕೂಗುತ್ತಾಳೆ.

'ಬಿಡ ಯವ್ವಾ, ಅಂವಾ ಮೋಡದಾಗಿಂದ ಸೀದಾ ತುಂಬ್ಕೊಂಡ ಬರಾವ!' ಎಂದು ಇನ್ನೊಬ್ಬರು.

ಅವನ ಚೀಲದಲ್ಲಿ ಹಗ್ಗ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಡ್ಡಿಪೆಟ್ಟಿಗೆ, ಒಂದು ಸೀಟಿ, ಹುರಿದ ಶೇಂಗಾ, ಬೆಲ್ಲದ ಉಂಡೆ ಇರುತ್ತವೆ. ಮದುವೆ ಊಟಕ್ಕೆ ಬಂದರೂ ಚೀಲ ಪಕ್ಕದಲ್ಲೇ. ಗುಡ್ಡದ ಮೇಲೆ ಅರ್ಧ ತಾಸು ಕೂತು ಇಳಿದು ಬರುತ್ತಾನೆ. ಅಷ್ಟರಲ್ಲಿ ಅವನ ಹೆಂಡತಿ ಹೊನ್ನವ್ವ ಒಬ್ಬಳೇ ಎಲ್ಲ ಕೊಡ ತುಂಬಿಸಿಟ್ಟಿರುತ್ತಾಳೆ. ಎಲ್ಲ ಅಂದರೆ, ಒಂದನ್ನು ಬಿಟ್ಟು. ಕಟ್ಟೆಯ ಮೂಲೆಯಲ್ಲಿರುವ ಹಸಿರು ಪ್ಲಾಸ್ಟಿಕ್ ಕೊಡಕ್ಕೆ ಆಕೆ ನೀರು ಹಾಕುವುದಿಲ್ಲ.

ಇದಕ್ಕೆಲ್ಲ ಕಾರಣ ಓಣಿಗೆ ಗೊತ್ತಿದೆ. ಗೊತ್ತಿದ್ದೂ ನಗುತ್ತೇವೆ. ಎರಡೂ ಕೈಯಲ್ಲಿ ಕೊಡ ಹಿಡಿದವರಿಗೆ ಕಣ್ಣೊರೆಸಿಕೊಳ್ಳುವುದು ಕಷ್ಟ.

ಕರೆಪ್ಪನ ಮಗಳು ಭಾಗ್ಯಾ ನಮ್ಮ ನಲ್ಲಿಯ ಮಹಾದಂಡನಾಯಕಿಯಾಗಿದ್ದಳು. ಎಂಟು ವರ್ಷದ ಹುಡುಗಿ, ಮೇಲಿನ ಎರಡು ಹಲ್ಲು ಬಿದ್ದಿದ್ದವು. 'ನೀರ ಬಂತು' ಎಂಬ ಕೂಗಿನ 'ನೀ' ಕೇಳಿದರೆ ಸಾಕು, 'ತು' ಮುಗಿಯುವುದರೊಳಗೆ ಅವಳ ಕೊಡ ನಲ್ಲಿಯ ಕೆಳಗಿರುತ್ತಿತ್ತು. ದೊಡ್ಡ ದೊಡ್ಡ ಹೆಂಗಸರು ಅವಳ ಮುಂದೆ ಸೋತು ನಿಂತು, 'ಎಲವ್ವಾ, ನಿನ್ನ ಕಾಲಿಗೆ ಗಾಲಿ ಅದಾವೇನ?' ಎನ್ನುತ್ತಿದ್ದರು. ಅವಳು ಹಲ್ಲಿಲ್ಲದ ಬಾಯಿ ತೆರೆದು, 'ಮದ್ಲ ನಮ್ಮ ಪಾಳಿ!' ಎನ್ನುತ್ತಿದ್ದಳು.

ಆರು ವರ್ಷದ ಹಿಂದೆ ಪಂಚಮಿಗೆಂದು ಹೊನ್ನವ್ವ ಮಗಳನ್ನು ಕರೆದುಕೊಂಡು ತವರಿಗೆ, ಹೊಳೆಮಣ್ಣೂರಿಗೆ ಹೋದಳು. ಮಲಪ್ರಭೆಯ ದಂಡೆಯ ಊರು. ಹೊಳೆಯ ಮೇಲ್ಭಾಗದಲ್ಲಿ ಮಳೆ ಜೋರಾಗಿತ್ತು. ಊರವರು ಹಬ್ಬದ ಜೋಕಾಲಿ ಬಿಚ್ಚಿ, ಅದೇ ಹಗ್ಗದಿಂದ ಸಾಮಾನು ಕಟ್ಟುತ್ತಿದ್ದರು. ಬೆಳಗಿನ ಹೊತ್ತು. ಹೊನ್ನವ್ವ ಒಳಗೆ ಉಂಡಿಯ ಡಬ್ಬಿಗಳನ್ನು ಗಂಟು ಕಟ್ಟುತ್ತಿದ್ದಾಗ ಹೊಳೆಯ ಕಡೆಯಿಂದ ಯಾರೋ ಎದೆ ಒಡೆಯುವಂತೆ ಕೂಗಿದರು: 'ನೀರ ಬಂತು! ನೀರ ಬಂತು!'

ಹೊಳೆಮಣ್ಣೂರಿನಲ್ಲಿ ಆ ಕೂಗಿಗೆ ಊರು ಬಿಟ್ಟು ಓಡು ಎಂದರ್ಥ. ಗಜೇಂದ್ರಗಡದ ಹುಡುಗಿಗೆ ಅದು ಹೇಗೆ ಗೊತ್ತಿರಬೇಕು? ಅವಳು ಬಾಗಿಲ ಬಳಿ ಇದ್ದ ಅಜ್ಜಿಯ ಹಸಿರು ಕೊಡ ಎತ್ತಿಕೊಂಡು, 'ಯವ್ವಾ, ಮದ್ಲ ನಮ್ಮ ಪಾಳಿ!' ಎಂದು ಕೂಗಿ, ಊರೆಲ್ಲ ಯಾವ ಕಡೆಯಿಂದ ಓಡಿ ಬರುತ್ತಿತ್ತೋ ಆ ಕಡೆಗೆ ಓಡಿದಳು.

ಮೂರನೆಯ ದಿನ ಕೊಡ ಸಿಕ್ಕಿತು. ಜಾಲಿ ಗಿಡಕ್ಕೆ ತಗುಲಿಕೊಂಡು, ಬೋರಲಾಗಿ ತೇಲುತ್ತಿತ್ತು. ಒಂದು ಗೀರು ಕೂಡ ಬಿದ್ದಿರಲಿಲ್ಲ. ಭಾಗ್ಯಾ ಸಿಕ್ಕಿದ್ದು ನಾಲ್ಕನೆಯ ದಿನ, ಎರಡು ಊರು ಕೆಳಗೆ.

'ನೀರ ಬಂದ್ರ ಓಡಬೇಕಂತ ಕಲಿಸಿದಾಕಿ ನಾನ,' ಎಂದು ಹೊನ್ನವ್ವ ಒಂದೇ ಒಂದು ಸಲ ಅಂದಳು.

ಕರೆಪ್ಪ ಮಗ್ಗದ ಮೇಲೆ ಕೂತ. ಒಂದು ದಿನ ಮಗಳ ಪಾಟೀಚೀಲದಿಂದ ನೋಟಬುಕ್ಕು ತೆಗೆದ. ಏಳರ ಮಗ್ಗಿ ಏಳಾರ್ಲೆ ನಲವತ್ತೆರಡಕ್ಕೆ ನಿಂತಿತ್ತು, ಉಳಿದ ಹಾಳೆಗಳು ಖಾಲಿ. ಮಗ್ಗದವನು ಮಗ್ಗಿ ನಿಂತಲ್ಲಿಂದ ಬರೆಯಲು ಶುರು ಮಾಡಿದ. ಹೀಗೆ ಹುಟ್ಟಿತು 'ಎದ್ದ ಆನೆ', ಮಕ್ಕಳ ಸಾಹಸ ಕಾದಂಬರಿ.

ಕಥೆ ಇಷ್ಟು. ದೂರದಿಂದ ಆನೆಯಂತೆ ಕಾಣುವ ನಮ್ಮ ಗುಡ್ಡ ನಿಜಕ್ಕೂ ಸಾವಿರ ವರ್ಷದಿಂದ ಮಲಗಿದ ಆನೆ. ಲೋಕವೆಲ್ಲ ನೀರಾದ ದಿನ ಅದು ಮೈಕೊಡವಿ ಏಳುತ್ತದೆ. ಗುಡ್ಡದ ಮೇಲೆ ನೆಟ್ಟ ಗಾಳಿಯಂತ್ರಗಳೇ ಅದರ ಕಿವಿ. ಅದರ ಬೆನ್ನ ಮೇಲೆ ರೂಪಾ ಎಂಬ ಹುಡುಗಿ ಒಬ್ಬಳೇ ನಲವತ್ತೆರಡು ದಿನ ಬದುಕಬೇಕು. ನೆರಳು ನುಂಗುವ ಮೀನು ಬರುತ್ತದೆ, ಅತ್ತವರ ಕಣ್ಣೀರು ಕುಡಿದು ಬೆಳೆಯುವ ರಾಕ್ಷಸ ಬರುತ್ತಾನೆ. ನಾಲ್ಕು ಸಲ ಜಾರಿ ನೀರಿಗೆ ಬೀಳುತ್ತಾಳೆ, ನಾಲ್ಕು ಸಲವೂ ಮೇಲೆ ಬರುತ್ತಾಳೆ. ಕೈಯಲ್ಲಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದು ಖಾಲಿ ಹಸಿರು ಕೊಡ.

ಬಸ್ ಸ್ಟ್ಯಾಂಡಿನ ಹತ್ತಿರ ಪ್ರೆಸ್ ಇಟ್ಟಿದ್ದ ಇನಾಯತನಿಗೆ, ಸಾಯುವುದರೊಳಗೆ ಮದುವೆ ಕಾರ್ಡಿನ 'ಚಿರಂಜೀವಿ ಸೌಭಾಗ್ಯವತಿ' ಎಂಬ ಅಕ್ಷರಗಳಿಲ್ಲದ ಏನನ್ನಾದರೂ ಅಚ್ಚು ಹಾಕಬೇಕೆಂಬ ಹಟವಿತ್ತು. ಕರೆಪ್ಪ ಅವನಿಗೆ ನೋಟಬುಕ್ಕು ಕೊಟ್ಟು ಒಂದೇ ಮಾತು ಹೇಳಿದ: 'ಮಳಿ ಶುರು ಆಗೂದರಾಗ ಹೊಳೆಮಣ್ಣೂರ ಸಾಲಿ ಹುಡುಗರ ಕೈಗೆ ಮುಟ್ಟಬೇಕ.'

ವಾರದ ಮೇಲೆ ಇನಾಯತ ಕರೆಸಿದ.

'ಕರೆಪ್ಪಾ, ಕತಿ ಭಾಳ ಚಲೋ ಐತಿ. ಆನಿ ಏಳೂ ಜಾಗಾದಾಗ ನನ್ನ ಚಾ ಆರಿ ಹೋತ. ಆದ್ರ ಈ ಹುಡುಗಿ ಕೈಯಾಗ ಕೊಡ ಯಾಕ?'

'ಇರಲಿ.'

'ಇರಲಿ ಅಂದ್ರ? ಖಡ್ಗ ಕೊಡು. ಇಲ್ಲಾ ಮಂತ್ರದ ಕೋಲರೆ ಕೊಡು. ಪ್ಲಾಸ್ಟಿಕ್ ಕೊಡ ಹಿಡ್ಕೊಂಡ ನಿಂತ್ರ ರಾಕ್ಷಸ ನಕ್ಕ ನಕ್ಕ ಸಾಯತಾನ.'

'ಸಾಯಲಿ. ಕೆಲಸ ಆತಲ್ಲ.'

'ಮ್ಯಾಲಿನ ಚಿತ್ರ ನೋಡಿ ಮಂದಿ ಕೊಡ-ಬಾಂಡೆ ಅಂಗಡಿ ಜಾಹೀರಾತು ಅಂತಾರೋ!'

'ಕೊಡ ಇಲ್ಲಂದ್ರ ಪುಸ್ತಕ ಬ್ಯಾಡ,' ಎಂದು ಕರೆಪ್ಪ ನೋಟಬುಕ್ಕು ಬಗಲಲ್ಲಿ ಇಟ್ಟುಕೊಂಡು ಬಂದ.

ಹೀಗೆ ಖಡ್ಗಕ್ಕೂ ಕೊಡಕ್ಕೂ ಮೂರು ತಿಂಗಳು ಘನಘೋರ ಯುದ್ಧ ನಡೆಯಿತು. ಇನಾಯತ ಸಂಧಾನಕ್ಕೆ ಕಂದೀಲು ಕಳಿಸಿದ, ಕೊಂಬು ಕಳಿಸಿದ, ಕೊನೆಗೆ ಏಳನೆಯ ಅಧ್ಯಾಯದಲ್ಲಿ ಮಾತ್ರ ಕೊಡ ಇಟ್ಟುಕೊಳ್ಳಲು ಒಪ್ಪಿದ. ಕರೆಪ್ಪ ಕದಲಲಿಲ್ಲ, ಆದರೆ ಮಗ್ಗದ ಮೇಲೆ ಕೂತು ಮತ್ತೆ ಮತ್ತೆ ಆಕಾಶ ನೋಡುತ್ತಿದ್ದ. ಮೇ ಮುಗಿಯುತ್ತ ಬಂದಿತ್ತು. ಅವನ ಕೈಯಲ್ಲಿ ಎಳೆ ಹರಿಯುವುದನ್ನು ನಾವು ಅದಕ್ಕೂ ಮೊದಲು ಕಂಡಿರಲಿಲ್ಲ.

ಕೊನೆಗೆ ಹೊನ್ನವ್ವ ಹೊರಟಳು. ಹಸಿರು ಕೊಡವನ್ನು ಸೊಂಟದ ಮೇಲಿಟ್ಟುಕೊಂಡು, ಬಸ್ ಸ್ಟ್ಯಾಂಡಿನ ಜನರ ನಡುವೆ ಹಾದು, ಪ್ರೆಸ್ಸಿಗೆ ಹೋಗಿ, ಮದುವೆ ಕಾರ್ಡುಗಳ ನಡುವೆ ಮೇಜಿನ ಮೇಲೆ ಅದನ್ನು ಇಟ್ಟಳು.

'ಇದನ್ನ ತಗೀಬೇಕ ಅಂದ್ರಂತಲ್ರಿ ಅಣ್ಣಾರ. ತಗೀರಿ.'

ಇನಾಯತ ಕೊಡ ನೋಡಿದ, ಆಕೆಯನ್ನು ನೋಡಿದ. ಎದ್ದು ಟೊಪ್ಪಿಗೆ ಸರಿಮಾಡಿಕೊಂಡು ಎರಡೂ ಕೈಯಿಂದ ಕೊಡ ಎತ್ತಿ ಆಕೆಯ ಕೈಗಿಟ್ಟ. 'ತಪ್ಪಾತ ಯವ್ವಾ. ಹೋಗು. ಮಳಿಗೆ ಮೊದಲ ಕೊಡತೇನಿ,' ಎಂದ.

ಕೊಟ್ಟ. ಮುಖಪುಟದಲ್ಲಿ ಆನೆ ಸ್ವಲ್ಪ ಎಮ್ಮೆಯಂತೆ ಬಂದಿದೆ, ಕೊಡ ಮಾತ್ರ ಕೊಡದಂತೆಯೇ ಇದೆ.

ಜೂನಿನಲ್ಲಿ ಹೊಳೆಮಣ್ಣೂರಿನ ಶಾಲೆಯಲ್ಲಿ ಪುಸ್ತಕ ಹಂಚಿದರು. ನಮ್ಮ ಓಣಿಯವರೆಲ್ಲ ಹೋಗಿದ್ದೆವು. ರೋಣದಿಂದ ಬಂದಿದ್ದ ಉಪನ್ಯಾಸಕರೊಬ್ಬರು ಮುಕ್ಕಾಲು ತಾಸು ಮಾತಾಡಿದರು. ಖಾಲಿ ಕೊಡವೆಂದರೆ ಶೂನ್ಯ, ಭೂಮಿತಾಯಿಯ ಗರ್ಭ, ಆಧುನಿಕ ಮನುಷ್ಯನ ತೀರದ ದಾಹ. ಕೊಡದೊಳಗೆ ಅವರು ಇಷ್ಟೆಲ್ಲ ತುಂಬುವಾಗ ಹೊನ್ನವ್ವ ತಲೆತಗ್ಗಿಸಿ ಸೆರಗಿನ ಎಳೆ ಎಣಿಸುತ್ತಿದ್ದಳು. ಮಕ್ಕಳು ಪುಟ ತಿರುವಿ ಆನೆ ಎಲ್ಲಿ ಏಳುತ್ತದೆಂದು ಹುಡುಕುತ್ತಿದ್ದರು.

ಉಪನ್ಯಾಸಕರು ಕರೆಪ್ಪನ ಕಡೆ ತಿರುಗಿ ಕೈಮುಗಿದು ಕೇಳಿದರು: 'ಈ ಖಾಲಿ ಕೊಡದ ಒಳಾರ್ಥ ಇನ್ನೂ ಏನೇನು ಐತಿ ಅನ್ನೂದನ್ನ ಲೇಖಕರೇ ಹೇಳಬೇಕ್ರಿ.'

ಕರೆಪ್ಪ ಎದ್ದು ನಿಂತ. ಹೆಗಲ ಚೀಲ ಸರಿಮಾಡಿಕೊಂಡ. ಉಪನ್ಯಾಸಕರನ್ನು ನೋಡಲಿಲ್ಲ, ನೆಲದ ಮೇಲೆ ಕೂತಿದ್ದ ಮಕ್ಕಳನ್ನು ನೋಡಿದ.

'ಏನಿಲ್ರಿ. ಖಾಲಿ ಕೊಡ ತೇಲತೈತಿ. ಬೋರಲ ಹಾಕಿ ಗಟ್ಟಿ ಹಿಡ್ಕೊಂಡ್ರ ಮುಳುಗೂದಿಲ್ಲ. ಕೈ ಬಿಡಬಾರದ, ಅಷ್ಟ.'