ಕೆಂಗೇರಿಯಲ್ಲಿ ಹಾಕಿದ ಕಾರ್ಡು

ಆ ಅಂಚೆ ಕಾರ್ಡು ಬರೆದವಳು ನಾನು. ಕೆಂಗೇರಿಯ ನಿವೃತ್ತ ಉಪಾಧ್ಯಾಯ ಶ್ರೀಕಂಠಯ್ಯ ಎಂಬ ಮನುಷ್ಯ ಹುಟ್ಟಿಯೇ ಇರಲಿಲ್ಲ. ಅವರ ಹೆಸರು, ಅವರ ವಯಸ್ಸು, ಜೀವಮಾನವೆಲ್ಲ ಸಂಗೀತ ಕೇಳಿದ ಅವರ ಅನುಭವ — ಎಲ್ಲವನ್ನೂ ಹತ್ತೊಂಬತ್ತು ವರ್ಷದ ನಾನು, ವಿಜಯನಗರದ ನಮ್ಮ ಬಾಡಿಗೆ ಮನೆಯ ಅಡುಗೆಮನೆ ಹೊಸ್ತಿಲ ಮೇಲೆ ಕೂತು ಹುಟ್ಟಿಸಿದೆ. ಆ ಕಾರ್ಡಿನಿಂದಾಗಿ ನನಗೆ ಸಂಗೀತ ಕಲಿಸಿದವರು ಹಾಡುವುದನ್ನೇ ನಿಲ್ಲಿಸಿದರು. ಇದನ್ನು ಗಂಡನಿಗೆ ಹೇಳಿಲ್ಲ, ಮಗಳಿಗೆ ಹೇಳಿಲ್ಲ. ಈಗ ಹೇಳುತ್ತಿದ್ದೇನೆ — ಹೇಳಿದರೆ ಹಗುರವಾಗುತ್ತದೆ ಎಂದಲ್ಲ. ಹಗುರವಾಗಲಿಲ್ಲ ಎಂಬುದನ್ನೂ ಕೊನೆಯಲ್ಲಿ ಹೇಳುತ್ತೇನೆ.

ಎಂಬತ್ತರ ದಶಕದ ನಡುಭಾಗ. ಅಪ್ಪ ಚಿತ್ರದುರ್ಗದ ಕಡೆಯಿಂದ ಬಂದು ಮಾಗಡಿ ರಸ್ತೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ನಮ್ಮ ಕಡೆ ಸಂಗೀತ ಬಲ್ಲವರು ಯಾರೂ ಇರಲಿಲ್ಲ. ಇದ್ದದ್ದು ಒಂದು ಹಳೆಯ ವಾಲ್ವ್ ರೇಡಿಯೊ. ಗುಂಡಿ ತಿರುಗಿಸಿದರೆ ಒಂದು ನಿಮಿಷ ಕಾದು, ಬಿಸಿಯಾಗಿ, ಆಮೇಲೆ ಮಾತಾಡುತ್ತಿತ್ತು. ಬೆಳಗಿನ ಶಾಸ್ತ್ರೀಯ ಸಂಗೀತದ ಹೊತ್ತಿಗೆ ಅಪ್ಪ ಗಲ್ಲಕ್ಕೆ ಸೋಪು ಹಚ್ಚಿಕೊಂಡು ಅದರ ಮುಂದೆ ನಿಲ್ಲುತ್ತಿದ್ದರು. ರಾಗದ ಹೆಸರು ಅವರಿಗೆ ಗೊತ್ತಾಗುತ್ತಿರಲಿಲ್ಲ. "ಇದು ಹೋದ ವಾರ ಬಂದಿತ್ತಲ್ಲ, ಅದೇ ಜಾತೀದು" ಅನ್ನುತ್ತಿದ್ದರು, ಅದು ಸರಿಯಾಗಿರುತ್ತಿತ್ತು. ನಮ್ಮ ಬೀದಿಯಲ್ಲಿ ಎಲ್ಲರದ್ದೂ ಅದೇ ನಿಲಯ. ಹಾಲು ತರಲು ಹೋದವಳು ಮನೆಯಿಂದ ಮನೆಗೆ ಒಂದೇ ಹಾಡು ಕೇಳಿಕೊಂಡು ಹೋಗಿ, ಒಂದು ಸಾಲೂ ತಪ್ಪದೆ ವಾಪಸು ಬರಬಹುದಿತ್ತು.

ಅಪ್ಪನೇ ನನ್ನನ್ನು ರಾಜಾಜಿನಗರದ ಅಂಬುಜಾಕ್ಷಿ ಟೀಚರ ಹತ್ತಿರ ಸೇರಿಸಿದ್ದು. ಆಗ ಅವರಿಗೆ ನಲವತ್ತರ ಆಸುಪಾಸು. ಮದುವೆ, ಮಕ್ಕಳು, ಅತ್ತೆಯ ಕಾಯಿಲೆ ಎಲ್ಲ ಮುಗಿಸಿಕೊಂಡು ತಡವಾಗಿ ರೇಡಿಯೊದ ಪರೀಕ್ಷೆಗೆ ಕೂತು, ಒಂದು ಸಲ ನಪಾಸಾಗಿ, ಎರಡನೇ ಸಲ ಪಾಸಾಗಿದ್ದರು. ನಾಲ್ಕೈದು ತಿಂಗಳಿಗೊಮ್ಮೆ ಅವರಿಗೆ ರೇಡಿಯೊದಲ್ಲಿ ಹಾಡುವ ಕಛೇರಿಯ ಕಾಗದ ಬರುತ್ತಿತ್ತು. ಆ ಕಾಗದ ಬಂದ ದಿನ ಪಾಠದ ಮಧ್ಯೆ ನಗುವೊಂದು ಅವರ ಮುಖಕ್ಕೆ ಬಂದು ಬಂದು ಹೋಗುತ್ತಿತ್ತು. ಸಂಗೀತ ಸಭೆಗಳಿಗೆ ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಅವರ ಪಾಲಿಗೆ ಇದ್ದದ್ದು ವರ್ಷದಲ್ಲಿ ಆ ಎರಡು ಮೂರು ಅರ್ಧ ಗಂಟೆಗಳು.

ಟೀಚರ ಹತ್ತಿರ ನಾವು ಇಬ್ಬರು ದೊಡ್ಡ ಹುಡುಗಿಯರು — ನಾನು, ಮತ್ತು ವಸಂತಾ. ನನ್ನ ಧ್ವನಿ ವಸಂತಾಳ ಧ್ವನಿಗಿಂತ ಚೆನ್ನಾಗಿತ್ತು. ಇದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆ ಸಲದ ಕಛೇರಿ ಬೆಳಗಿನ ನೇರ ಪ್ರಸಾರ. ಹಿಂದೆ ತಂಬೂರಿ ಹಿಡಿದು, ಅಲ್ಲಲ್ಲಿ ದನಿಗೂಡಿಸಲು ಒಬ್ಬಳು ಬೇಕಿತ್ತು. ಅದು ನಾನೇ ಎಂದುಕೊಂಡು ಅಮ್ಮನ ರೇಷ್ಮೆ ಸೀರೆಗೆ ಇಸ್ತ್ರಿ ಕೂಡ ಮಾಡಿಸಿದ್ದೆ.

ಟೀಚರ್ ವಸಂತಾಳನ್ನು ಆರಿಸಿದರು.

"ಗಿರಿಜಾ, ನೀನು ಮನೇಲೇ ಇರು ಕಣೇ" ಅಂದರು. "ರೇಡಿಯೊ ಮುಂದೆ ಕೂತು ಒಂದಕ್ಷರ ಬಿಡದ ಹಾಗೆ ಕೇಳು. ನನ್ನ ಹಾಡು ನಂಗೆ ಕೇಳ್ಸಲ್ಲ ನೋಡು. ನಿನ್ನ ಕಿವಿ ಮೇಲೆ ನಂಗೆ ನಂಬಿಕೆ."

ಅದೊಂದು ದೊಡ್ಡ ಮಾತು. ಈಗ ಗೊತ್ತಾಗುತ್ತದೆ. ಆವತ್ತು ನನಗೆ ಕೇಳಿಸಿದ್ದೇ ಬೇರೆ — ನಮ್ಮ ಮನೆ, ನಮ್ಮ ಭಾಷೆ, ಕಾರ್ಖಾನೆಯ ಎಣ್ಣೆ ವಾಸನೆಯ ನನ್ನ ಅಪ್ಪ... ಇಂಥವಳನ್ನು ರೇಡಿಯೊ ನಿಲಯದೊಳಗೆ ಹೇಗೆ ಕರೆದೊಯ್ಯುವುದು ಎಂದು ಟೀಚರ್ ಯೋಚಿಸಿರಬೇಕು — ಹೀಗೆಂದು ನಾನೇ ಕಲ್ಪಿಸಿಕೊಂಡೆ. ಅವರು ಅಂಥವರಲ್ಲ. ಬೇಕಾದ್ದನ್ನು ನಂಬುವುದು ನನಗೆ ಸುಲಭವಾಯಿತು, ಅಷ್ಟೆ.

ಕಛೇರಿಯ ದಿನ ಅಪ್ಪ ಮೊದಲ ಪಾಳಿಗೆ ಹೋಗಿದ್ದರು. ಅಮ್ಮ ಹೊರಗೆ ಬಟ್ಟೆ ಒಗೆಯುತ್ತಿದ್ದಳು. ನಾನು ರೇಡಿಯೊ ಹಾಕಿದೆ. ಅದು ಕಾದು ಬಿಸಿಯಾಯಿತು. ಉದ್ಘೋಷಕಿ ಟೀಚರ ಹೆಸರು ಹೇಳಿದರು, ಪಿಟೀಲು ಮೃದಂಗದವರ ಹೆಸರು ಹೇಳಿದರು, ತಂಬೂರಿಗೆ ವಸಂತಾಳ ಹೆಸರನ್ನೂ ಹೇಳಿದರು. ನಾನು ಗುಂಡಿ ತಿರುಗಿಸಿ ಆರಿಸಿಬಿಟ್ಟೆ. ಆದರೆ ಪಕ್ಕದ ಮನೆಯ ರೇಡಿಯೊ ಗೋಡೆ ದಾಟಿ ಬರುತ್ತಿತ್ತಲ್ಲ! ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಕಬ್ಬಿಣದ ಬಕೆಟ್ಟಿಗೆ ನಲ್ಲಿ ಪೂರ್ತಿ ತಿರುಗಿಸಿದೆ. ತುಂಬಿದರೆ ಚೆಲ್ಲಿದೆ, ಮತ್ತೆ ತುಂಬಿಸಿದೆ. ಅರ್ಧ ಗಂಟೆ ಹೀಗೇ. ಒಂದು ಸ್ವರವೂ ನನ್ನ ಕಿವಿಗೆ ಬೀಳಲಿಲ್ಲ.

ಮಾರನೆಯ ದಿನ ಟೀಚರ್ ಬಾಗಿಲಲ್ಲೇ ನಿಂತಿದ್ದರು. "ಹೇಗಿತ್ತೇ?"

"ಚೆನ್ನಾಗಿತ್ತು ಟೀಚರ್."

"ಅಷ್ಟೇನಾ?"

"ತುಂಬಾ ಚೆನ್ನಾಗಿತ್ತು." ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದ್ದೆ.

ಅಲ್ಲಿಗೆ ಮುಗಿಯಬಹುದಿತ್ತು. ಮುಗಿಯಲಿಲ್ಲ. ರೇಡಿಯೊ ನಿಲಯಕ್ಕೆ ಆ ಕಾರ್ಡು ಬರೆದದ್ದು ಅದಾದ ಮೂರು ದಿನಕ್ಕೆ — ಕೋಪ ಆರಿದ ಮೇಲೆ. ಆದ್ದರಿಂದ ಕೋಪದಲ್ಲಿ ಮಾಡಿದೆ ಎಂದು ಹೇಳಿಕೊಳ್ಳಲು ನನಗೆ ದಾರಿಯಿಲ್ಲ. ಟೀಚರ್ ಆವತ್ತು ಹಾಡಲಿದ್ದ ಸಾವೇರಿ ರಾಗದ ದೊಡ್ಡ ಹಾಡಿನಲ್ಲಿ, ಎರಡನೆಯ ಭಾಗದಲ್ಲಿ, ಮೇಲಿನ ಷಡ್ಜಕ್ಕೆ ಏರಿ ಅಲ್ಲೇ ನಿಲ್ಲಬೇಕಾದ ಒಂದು ಜಾಗವಿತ್ತು. ಅಭ್ಯಾಸ ಮಾಡುವಾಗ ಒಮ್ಮೆ ಅವರೇ ನನ್ನೊಬ್ಬಳ ಹತ್ತಿರ ಹೇಳಿದ್ದರು: "ಅಲ್ಲಿ ನಿಲ್ಲೋಕೆ ನಂಗೆ ಭಯ ಕಣೇ. ಇಳಿದುಬಿಟ್ಟರೆ?" ನಾನು ಸರಿಯಾಗಿ ಅಲ್ಲಿಗೇ ಗುರಿಯಿಟ್ಟೆ. ಆ ಜಾಗದಲ್ಲಿ ಗಾಯಕಿಯ ಧ್ವನಿ ಶ್ರುತಿಗಿಂತ ಕೆಳಗಿಳಿದು, ಕಡೆಯವರೆಗೂ ಅಲ್ಲೇ ಉಳಿಯಿತೆಂದೂ, ಇಂಥವರಿಗೆ ಅವಕಾಶ ಕೊಡುವ ಮುನ್ನ ನಿಲಯದವರು ಯೋಚಿಸಬೇಕೆಂದೂ ಶ್ರೀಕಂಠಯ್ಯನವರ ಗಂಭೀರ ಕನ್ನಡದಲ್ಲಿ ಬರೆದೆ. ಅಂಚೆ ಮುದ್ರೆಯೂ ಸರಿಹೊಂದಲೆಂದು ಬಾಪೂಜಿನಗರದವರೆಗೆ ನಡೆದು, ಮೈಸೂರು ರಸ್ತೆಯಲ್ಲಿ ಬಸ್ಸು ಹತ್ತಿ, ಕೆಂಗೇರಿಗೇ ಹೋಗಿ ಡಬ್ಬಕ್ಕೆ ಹಾಕಿದೆ. ಅಲ್ಲೇ ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಕೊಂಡು ತಿಂದ ನೆನಪೂ ಇದೆ.

ಶ್ರೋತೃಗಳ ಪತ್ರಗಳನ್ನು ನಿಲಯದವರು ಭಾನುವಾರ ಓದುತ್ತಿದ್ದರು. ಎರಡನೆಯ ಭಾನುವಾರ ನನ್ನ ಕಾರ್ಡು ಬಂತು. ಇಷ್ಟು ವರ್ಷ ನಾನು ಪ್ರೀತಿಯಿಂದ ಕೇಳಿದ ಅದೇ ಉದ್ಘೋಷಕಿ, ಅದೇ ತಂಪು ದನಿಯಲ್ಲಿ, ನಾನು ಬರೆದ ವಾಕ್ಯಗಳನ್ನು ಒಂದೊಂದಾಗಿ ಓದಿದರು. ಹೇಳಲು ನಾಚಿಕೆಯಾಗುತ್ತದೆ — ಮೊದಲು ನನಗಾದದ್ದು ಭಯವಲ್ಲ, ಪುಳಕ. ನನ್ನ ಮಾತು ರೇಡಿಯೊದಲ್ಲಿ! ಆ ದನಿಯಲ್ಲಿ ಬಂದದ್ದಕ್ಕೋ ಏನೋ, ಅದು ಸುಳ್ಳೆಂದು ನನಗೇ ಅನ್ನಿಸಲಿಲ್ಲ. ಅಪ್ಪ ಪೇಪರು ಮಡಿಸಿಟ್ಟು, "ಯಾರೋ ತಿಳಿದೋರೇ ಬರೆದವ್ರೆ ಕಣಮ್ಮ. ಪಾಪ, ನಿಮ್ಮ ಟೀಚರು" ಅಂದರು. ನಾನು ಎದ್ದು ಹೋಗಿ ರೇಡಿಯೊ ಆರಿಸಿದೆ.

ಅಂದು ಸಂಜೆ ಟೀಚರ್ ನಮ್ಮ ಮನೆಗೆ ಬಂದರು. ಅದುವರೆಗೆ ಒಮ್ಮೆಯೂ ಬಂದವರಲ್ಲ. ವಿಳಾಸ ಕೇಳಿಕೊಂಡು, ರಾಜಾಜಿನಗರದಿಂದ ನಡೆದೇ ಬಂದಿದ್ದರು. ಸೀರೆಯ ಅಂಚೆಲ್ಲ ಧೂಳು. ಅಮ್ಮ ಗಾಬರಿಯಾಗಿ ಕಾಫಿ ಮಾಡಲು ಒಳಗೆ ಹೋದಳು. ಕುರ್ಚಿ ಇದ್ದರೂ ಟೀಚರ್ ಚಾಪೆಯ ಮೇಲೆ ನನ್ನೆದುರು ಕೂತರು.

"ಗಿರಿಜಾ, ಆವತ್ತು ನೀನು ಚೆನ್ನಾಗಿತ್ತು ಅಂದೆ. ಪ್ರೀತಿಗೆ ಅಂದಿರ್ತೀಯ, ತಪ್ಪಿಲ್ಲ. ನಮ್ಮನೆಯವ್ರೂ ಹಾಗೇ ಅಂತಾರೆ, ವಸಂತಾನೂ ಹಾಗೇ ಅಂತಾಳೆ. ಆದ್ರೆ ಕೇಳೋಕೇ ಅಂತ ಕೂತಿದ್ದೋಳು ನೀನೊಬ್ಬಳೇ. ಈಗ ನಿಜ ಹೇಳು. ಇಳೀತಾ?"

ಅವರ ಮುಖ ನನಗೆ ಇವತ್ತಿಗೂ ಕಾಣುತ್ತದೆ. ಬಾಯಿ ಸ್ವಲ್ಪ ತೆರೆದಿತ್ತು. ಇಲ್ಲ ಅನ್ನು, ಇಲ್ಲ ಅನ್ನು ಎಂದು ಅವರ ಕಣ್ಣುಗಳು — ಇಲ್ಲ ಅಂದಿದ್ದರೆ ಸಾಕಿತ್ತು. ಅಷ್ಟೇ ಸಾಕಿತ್ತು. ನಾನು ಕೇಳಿಯೇ ಇರಲಿಲ್ಲ. ಇಲ್ಲ ಅಂದರೆ, ಹಾಗಾದರೆ ಆ ಶ್ರೀಕಂಠಯ್ಯ ಯಾಕೆ ಹಾಗೆ ಬರೆದರು ಎಂಬ ಪ್ರಶ್ನೆ ಬರುತ್ತದೆ, ಯಾರಾದರೂ ಕೆಂಗೇರಿಗೆ ಹೋಗಿ ವಿಚಾರಿಸುತ್ತಾರೆ, ಎಂದೆಲ್ಲ ತಲೆಯಲ್ಲಿ ಓಡಿತು. ಟೇಪ್ ರೆಕಾರ್ಡರ್ ನಮ್ಮ ಮನೆಯಲ್ಲೂ ಇರಲಿಲ್ಲ, ಅವರ ಮನೆಯಲ್ಲೂ ಇರಲಿಲ್ಲ. ನನ್ನ ಮಾತನ್ನು ಒರೆಗೆ ಹಚ್ಚಲು ಯಾವುದೂ ಉಳಿದಿರಲಿಲ್ಲ.

"ಇಳೀತು ಟೀಚರ್," ಅಂದೆ. "ಸ್ವಲ್ಪ."

ಅವರು ತಲೆಯಾಡಿಸಿದರು. ಅಮ್ಮ ತಂದ ಕಾಫಿಯನ್ನು ಪೂರ್ತಿ ಕುಡಿದರು. ಹೊರಡುವಾಗ ನನ್ನ ಕೆನ್ನೆ ಮುಟ್ಟಿ, "ನೀನಾದ್ರೂ ನಿಜ ಹೇಳಿದ್ಯಲ್ಲ" ಅಂದರು.

ಮುಂದಿನ ಕಛೇರಿಯ ಕಾಗದವನ್ನು ಗಂಟಲು ಸರಿಯಿಲ್ಲ ಎಂದು ಬರೆದು ಹಿಂದಿರುಗಿಸಿದರು. ಅದರ ಮುಂದಿನದನ್ನೂ. ಆಮೇಲೆ ಕಾಗದ ಬರುವುದೇ ನಿಂತಿತು. ಪಾಠ ನಡೆಯಿತು; ಆದರೆ ಟೀಚರ್ ಹಾಡಿ ತೋರಿಸುವುದನ್ನು ಬಿಟ್ಟರು. ಹಾರ್ಮೋನಿಯಂ ಮೇಲೆ ಸ್ವರ ಒತ್ತಿ, "ನೀವು ಹೇಳಿ" ಅನ್ನುತ್ತಿದ್ದರು. ಚಿಕ್ಕ ಮಕ್ಕಳು "ನೀವ್ ಹೇಳ್ಕೊಡಿ ಮಿಸ್" ಎಂದು ಹಟ ಮಾಡಿದರೆ ಹಾರ್ಮೋನಿಯಮ್ಮಿನ ಆ ಸ್ವರವನ್ನೇ ಮತ್ತೊಮ್ಮೆ ಒತ್ತುತ್ತಿದ್ದರು. ಆ ಮನೆಯಲ್ಲಿ ಕೂತು ಅದನ್ನು ನೋಡಲು ನನಗೆ ಆರು ತಿಂಗಳಷ್ಟೇ ಸಾಧ್ಯವಾಯಿತು. ಪರೀಕ್ಷೆ ಎಂದು ಹೇಳಿ ಪಾಠ ಬಿಟ್ಟೆ. ಮದುವೆಯಾಗಿ ದಾವಣಗೆರೆಗೆ ಹೋದೆ. ಮದುವೆಗೆ ಅವರು ಬಂದಿದ್ದರು. ಎಲ್ಲರೂ ಒತ್ತಾಯಿಸಿದರೂ ಹಾಡಲಿಲ್ಲ. "ಗಿರಿಜಾಗೆ ಗೊತ್ತು, ನಾನು ಹಾಡಲ್ಲ" ಎಂದು ನನ್ನತ್ತ ನೋಡಿ ನಕ್ಕರು.

ನನ್ನ ಗಂಡನಿಗೂ ಬೆಳಗ್ಗೆ ರೇಡಿಯೊ ಬೇಕು. ತಂಬೂರಿಯ ಶ್ರುತಿ ಶುರುವಾದರೆ ನನಗೆ ನೀರಿನ ಸದ್ದು ಕೇಳುತ್ತದೆ — ಬಕೆಟ್ಟು ತುಂಬುವ ಸದ್ದು. ಹೊಸದರಲ್ಲಿ ಎಲ್ಲೋ ನಲ್ಲಿ ಬಿಟ್ಟಿದ್ದೇನೆಂದು ಎದ್ದು ಹೋಗಿ ನೋಡುತ್ತಿದ್ದೆ. ನಲ್ಲಿ ಮುಚ್ಚಿರುತ್ತಿತ್ತು. ಹಾಡುವ ಹೆಂಗಸು ಮೇಲಿನ ಷಡ್ಜಕ್ಕೆ ಏರಿದರೆ ಸಾಕು, ಕೈಯಲ್ಲಿರುವುದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ, ಇಳಿಯದಿರಲಿ, ಇಳಿಯದಿರಲಿ... ಮಗಳು ಸಂಗೀತಕ್ಕೆ ಸೇರುತ್ತೇನೆ ಅಂದಾಗ ಬೇಡ ಅಂದೆ. ನನಗೆ ಸಂಗೀತವೇ ಆಗದು ಎಂದು ಮನೆಯಲ್ಲಿ ನಂಬಿದ್ದಾರೆ.

ಹೋದ ವರ್ಷ ಬಸವೇಶ್ವರನಗರದ ಹೂವಿನಂಗಡಿಯ ಮುಂದೆ ವಸಂತಾ ಸಿಕ್ಕಳು. ನಾವು ಈಗ ಅಲ್ಲೇ ಹತ್ತಿರ ಇದ್ದೇವೆ. ಟೀಚರ ವಿಷಯ ಅವಳೇ ತೆಗೆದಳು. "ಆವತ್ತು ಅವ್ರ ಹಿಂದೆ ಕೂತಿದ್ದೋಳು ನಾನು ಕಣೇ. ಆ ಷಡ್ಜದಲ್ಲಿ ನಿಂತಾಗ ನನ್ನ ಮೈ ಜುಂ ಅಂತು, ಪಿಟೀಲಿನೋರು ಕಮಾನು ನಿಲ್ಲಿಸಿ ಅವ್ರ ಮುಖ ನೋಡಿದ್ರು. ಇಳೀಲಿಲ್ಲ ಅಂತ ಅವ್ರಿಗೆ ನೂರು ಸಲ ಹೇಳ್ದೆ. ಗಿರಿಜಾನ ಕಿವಿ ಸುಳ್ಳು ಹೇಳಲ್ಲ ಅಂತಾರೆ." ಅವಳು ಸಿಟ್ಟಿನಿಂದ ಹೇಳಲಿಲ್ಲ, ನಾನು ಏನೋ ತಪ್ಪು ಕೇಳಿಸಿಕೊಂಡಿರಬೇಕು ಎಂಬ ಅನುಕಂಪವಿತ್ತು. ಟೀಚರ್ ಈಗ ರಾಜರಾಜೇಶ್ವರಿನಗರದಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದು ವಿಳಾಸ ಕೊಟ್ಟಳು.

ಒಂದು ತಿಂಗಳು ವಿಳಾಸ ಪರ್ಸಿನಲ್ಲಿತ್ತು. ಆಮೇಲೆ ಹೋದೆ.

ಎಂಬತ್ತು ದಾಟಿದ ಟೀಚರ್ ಬಾಲ್ಕನಿಯಲ್ಲಿ ಕೂತಿದ್ದರು. ಗುರುತು ಹಿಡಿದು, ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಕಾರ್ಡಿನ ವಿಷಯ ಹೇಳಿದೆ. ಶ್ರೀಕಂಠಯ್ಯ, ಕೆಂಗೇರಿ, ಬಸ್ಸು, ಎಲ್ಲ.  ಅವರು ನನ್ನ ಕೈ ಬಿಡಲಿಲ್ಲ.

"ಚಿಕ್ಕೋಳು ನೀನು ಆಗ," ಅಂದರು ಕೊನೆಗೆ. ಆಮೇಲೆ ಮುಖ ಒಮ್ಮೆಲೇ ಬೆಳಗಿತು. ಅದನ್ನು ನೋಡಲು ನಾನು ಸಿದ್ಧಳಾಗಿರಲಿಲ್ಲ. ಮುಂದಕ್ಕೆ ಬಾಗಿದರು. "ಹಾಗಾದ್ರೆ ಇಳೀಲಿಲ್ವಾ? ಹೇಗಿತ್ತೇ ಆವತ್ತು? ನೀನು ಹೇಳು. ನೀನು ಕೇಳಿದ್ಯಲ್ಲ."

ಇನ್ನೊಂದು ಸುಳ್ಳು ಹೇಳಬಹುದಿತ್ತು. ಅದ್ಭುತವಾಗಿತ್ತು ಎಂದಿದ್ದರೆ ಅವರು ನಂಬುತ್ತಿದ್ದರು. ವಸಂತಾ ಹೇಳಿದ್ದನ್ನೇ ನನ್ನದೆಂದು ಹೇಳಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಈ ಹೆಂಗಸಿಗೆ ಮತ್ತೊಮ್ಮೆ...

"ನಾನು ಕೇಳ್ಲಿಲ್ಲ ಟೀಚರ್. ರೇಡಿಯೊ ಆಫ್ ಮಾಡ್ಬಿಟ್ಟಿದ್ದೆ."

"ಒಂಚೂರೂ?"

"ಒಂಚೂರೂ ಇಲ್ಲ."

ಆಗ ಕೈ ಬಿಟ್ಟರು. ಕಾರ್ಡು ಬರೆದದ್ದನ್ನು ಅವರು ತಾಳಿಕೊಂಡಿದ್ದರು. ಕೇಳದೇ ಹೋದದ್ದನ್ನು ತಾಳಿಕೊಳ್ಳಲು ಅವರಿಂದಾಗಲಿಲ್ಲ. ಸೆರಗಿನಿಂದ ಕನ್ನಡಕ ಒರೆಸಿದರು, ಹಾಕಿಕೊಂಡರು, ಬೀದಿಯ ಕಡೆ ನೋಡುತ್ತ ಕೂತರು. ಮಗಳನ್ನು ಕರೆದು, "ಇವಳಿಗೆ ಕಾಫಿ ಕೊಡು, ಹೊರಡ್ತಾಳೆ" ಅಂದರು. ನಾನು ಕಾಫಿ ಕುಡಿದು ಎದ್ದು, ಕಾಲಿಗೆ ನಮಸ್ಕಾರ ಮಾಡಿದೆ. ಅವರು ತಲೆಯ ಮೇಲೆ ಕೈಯಿಡಲಿಲ್ಲ.

"ಇನ್ನು ಬರ್ಬೇಡ ಗಿರಿಜಾ" ಅಂದರು. ಬೈಯುವ ದನಿಯಲ್ಲ. ದಣಿದ ದನಿ.

ನಾನು ಮತ್ತೆ ಹೋಗಿಲ್ಲ. ಬಸ್ಸು ಆ ದಾರಿಯಲ್ಲಿ ಹೋದರೆ ಇಳಿಯಬೇಕೆನ್ನಿಸುತ್ತದೆ; ಇಳಿಯುವುದಿಲ್ಲ. ಅವರು ನನಗೆ ಹೇಳಿದ ಈ ಒಂದು ಮಾತನ್ನಾದರೂ ನಡೆಸಿಕೊಡುತ್ತಿದ್ದೇನೆ.